ಕೊರಳ ಗುರಾಣಿ

ಮನುಷ್ಯನ ಶರೀರದಲ್ಲಿ ಆಭರಣಕ್ಕೆಂದೇ ಮೀಸಲಾದ ಸ್ಥಾನವೊಂದಿದ್ದರೆ ಅದು ಕೊರಳು. ಮಾಂಗಲ್ಯ, ಅಡ್ಡಿಕೆ, ಪದಕದ ಸರ, ತುಳಸೀಮಣಿ, ರುದ್ರಾಕ್ಷಿ, ಹೀಗೆ ಐಶ್ವರ್ಯವಂತರಿಗೂ ವಿರಕ್ತರಿಗೂ ಕೊರಳಿಗೆ ಏನಾದರೊಂದು ಬೇಕು. ಈ ಹೊರಗಿನ ಒಡವೆಗಳ ಹಿಂದೆ, ಚರ್ಮದ ಮರೆಯಲ್ಲಿ, ಸೃಷ್ಟಿಯೇ ತೊಡಿಸಿ ಕಳುಹಿಸಿದ ಮತ್ತೊಂದು ಒಡವೆಯುಂಟು. ಅದರ ತೂಕ ಹೆಚ್ಚೆಂದರೆ ಎರಡು ತೊಲ. ಅದು ಸರಿಯಾಗಿರುವ ತನಕ ಅದು ಇದೆಯೆಂಬುದೇ ಯಾರ ಗಮನಕ್ಕೂ ಬಾರದು. ಕೆಟ್ಟಾಗಲೂ ಕೆಟ್ಟಿತೆಂದು ತಿಳಿಯುವುದು ಬಹು ನಿಧಾನ. ಏತಕ್ಕೆಂದರೆ, ಅದರ ದೋಷವು ಅನೇಕ ವೇಳೆ ರೋಗದ ವೇಷವನ್ನು ತೊಟ್ಟು ಬರುವುದಿಲ್ಲ. ಸ್ವಭಾವದ ವೇಷವನ್ನು ತೊಟ್ಟು ಬರುವುದು. ಜ್ವರ ಬಂದವನನ್ನು ಕಂಡು ಮನೆಯವರು ಮರುಗುವರು. ಈ ಗ್ರಂಥಿ ಸೊರಗಿದವರನ್ನು ಕಂಡು ಮನೆಯವರು ಗದರುವರು.

ಮಲೆನಾಡಿನ ಅಂಚಿನಲ್ಲಿರುವ ಒಂದು ಊರಿನ ಸುಶಿಕ್ಷಿತ ಕುಟುಂಬದಲ್ಲಿ ಕೆಲವು ವರ್ಷಗಳ ಕೆಳಗೆ ನಡೆದ ಸಂಗತಿಯು ಇದಕ್ಕೆ ಸಾಕ್ಷಿಯಾಗಿದೆ. ಆ ಮನೆಯ ಹಿರಿಯ ಸೊಸೆ ಮದುವೆಯಾಗಿ ಬಂದ ಮೊದಲ ದಿನಗಳಲ್ಲಿ ಚುರುಕಿಗೆ ಹೆಸರಾಗಿದ್ದಳು. ಬೆಳಕು ಹರಿಯುವ ಮೊದಲೇ ಎದ್ದು, ಬಾಗಿಲಿಗೆ ನೀರು ಹಾಕಿ ರಂಗವಲ್ಲಿಯಿಟ್ಟು, ಮನೆಮಂದಿಯ ಅಡಿಗೆಯನ್ನು ಹಾಡು ಗುನುಗುತ್ತಲೇ ಮುಗಿಸತಕ್ಕವಳು. ಎರಡನೆಯ ಮಗುವಾಗಿ ಮೂರು ನಾಲ್ಕು ವರ್ಷಗಳು ಕಳೆಯುವ ಹೊತ್ತಿಗೆ ಆಕೆಯ ನಡೆನುಡಿಗಳೆಲ್ಲ ಮಂದವಾಗತೊಡಗಿದವು. ಎಷ್ಟು ನಿದ್ರೆ ಮಾಡಿದರೂ ದಣಿವು ಆರದು. ಎಲ್ಲರೂ ಬೀಸಣಿಗೆ ಹುಡುಕುವ ಚೈತ್ರಮಾಸದಲ್ಲಿ ಆಕೆ ಶಾಲು ಹೊದ್ದು ಕುಳಿತಿರುವಳು. ಊಟ ಕಡಿಮೆಯಾದರೂ ಮೈ ಮಾತ್ರ ಹೆಚ್ಚುತ್ತ ಬಂದಿತು, ಮುಖ ಊದಿದಂತಾಯಿತು, ಜಡೆ ತೆಳುವಾಯಿತು, ಕೈಯ ಚರ್ಮ ಒಣಗಿ ಒರಟಾಯಿತು. ಒಲೆಯ ಮೇಲಿಟ್ಟ ಹಾಲನ್ನು ಮರೆಯುವಳು; ತಂದ ಸಾಮಾನಿನ ಲೆಕ್ಕವನ್ನು ತಪ್ಪುವಳು. ಹಾಡು ಯಾವಾಗ ನಿಂತಿತೆಂಬುದನ್ನು ಮನೆಯಲ್ಲಿ ಯಾರೂ ಗಮನಿಸಲೇ ಇಲ್ಲ.

ಅತ್ತೆ ಕೆಟ್ಟವರಲ್ಲ, ದುಡಿಮೆಯನ್ನೇ ದೇವರೆಂದು ನಂಬಿ ಬಾಳಿದವರು. "ಮೈ ಬಗ್ಗದವರಿಗೆ ನೆವಗಳು ಬಹಳ" ಎಂದು ನೆರೆಮನೆಯವರೊಡನೆ ಆಡಿದ ಮಾತು ಸೊಸೆಯ ಕಿವಿಗೂ ಬಿದ್ದಿತು. ಗಂಡನು ತಾಯಿಯ ಮಾತನ್ನು ಒಪ್ಪಲೂ ಇಲ್ಲ, ಅಲ್ಲಗಳೆಯಲೂ ಇಲ್ಲ. ಇದೆಲ್ಲಕ್ಕಿಂತ ದಾರುಣವಾದುದು ಇನ್ನೊಂದು. ಎರಡು ವರ್ಷಗಳ ಪರ್ಯಂತ ಈ ಮಾತನ್ನು ಕೇಳಿ ಕೇಳಿ ಆಕೆಯೂ ಅದನ್ನು ನಂಬಿಬಿಟ್ಟಳು. ತಾನು ಸೋಮಾರಿ, ತಾನು ಮಂದಮತಿ, ಮೊದಲಿನ ಚುರುಕೇ ಹುಡುಗತನದ ಒಂದು ಹುಮ್ಮಸ್ಸು, ಈಗ ಹೊರಬಿದ್ದಿರುವುದೇ ತನ್ನ ನಿಜವಾದ ಗುಣ ಎಂದು ಒಳಗೊಳಗೇ ತೀರ್ಮಾನಿಸಿಕೊಂಡಳು. ಹೊರಗಿನವರ ನಿಂದೆಗೆ ಉತ್ತರ ಕೊಡಬಹುದು. ತನ್ನ ಮನಸ್ಸೇ ಹೊರಿಸಿದ ಅಪವಾದಕ್ಕೆ ಉತ್ತರವೆಲ್ಲಿ?

ಒಂದು ದಿನ ಮನೆಗೆ ಬಹುಕಾಲದಿಂದ ಬಂದುಹೋಗುತ್ತಿದ್ದ ವೃದ್ಧ ವೈದ್ಯರೊಬ್ಬರು ಅತ್ತೆಯ ಮಂಡಿನೋವನ್ನು ನೋಡುವುದಕ್ಕೆಂದು ಬಂದರು. ಸೊಸೆ ನೀರು ತಂದಿಟ್ಟು "ಚೆನ್ನಾಗಿದ್ದೀರಾ?" ಎಂದಳು. ಆ ಎರಡು ಪದಗಳು ಸಾಕಾದವು. ಮೊದಲು ತಿಳಿಯಾಗಿದ್ದ ಧ್ವನಿ ಒಡೆದು ಗೊಗ್ಗರಾಗಿದ್ದುದನ್ನು ಅವರ ಕಿವಿ ಹಿಡಿಯಿತು. "ಅಮ್ಮಾ, ನಿಮ್ಮ ಮಂಡಿಯ ವಿಚಾರ ಆಮೇಲಾಗಲಿ. ಸೊಸೆಯನ್ನು ಸ್ವಲ್ಪ ಇಲ್ಲಿ ಕೂರಿಸಿ" ಎಂದರು. ಆಕೆಯ ನಾಡಿ ನಿಧಾನವಾಗಿ ಮಿಡಿಯುತ್ತಿತ್ತು. ಒಂದು ಗುಟುಕು ನೀರನ್ನು ಬಾಯಲ್ಲಿಟ್ಟುಕೊಂಡು ಹೇಳಿದಾಗ ನುಂಗೆಂದರು. ನುಂಗುವಾಗ ಬೆರಳುಗಳನ್ನು ಕೊರಳ ಮೇಲಿಟ್ಟು ಏನನ್ನೋ ಮುಟ್ಟಿ ನೋಡಿದರು. ಆಮೇಲೆ ರಕ್ತಪರೀಕ್ಷೆಗೆ ಚೀಟಿ ಬರೆದುಕೊಟ್ಟರು.

ಆ ವೈದ್ಯರ ಬೆರಳು ಹುಡುಕಿದ ವಸ್ತುವೇ ಥೈರಾಯ್ಡ್ ಗ್ರಂಥಿ. ಗ್ರೀಕ್ ಭಾಷೆಯಲ್ಲಿ ಈ ಹೆಸರಿನ ಮೂಲಕ್ಕೆ ಗುರಾಣಿಯೆಂದು ಅರ್ಥವಾದ್ದರಿಂದ ಕನ್ನಡದಲ್ಲಿ ಇದನ್ನು ಗುರಾಣಿಕ ಗ್ರಂಥಿಯೆಂದೂ ಕರೆದಿರುವರು. ಆದರೆ ನೋಟಕ್ಕೆ ಇದು ಗುರಾಣಿಗಿಂತ ರೆಕ್ಕೆ ಬಿಚ್ಚಿದ ಚಿಟ್ಟೆಯನ್ನೇ ಹೆಚ್ಚು ಹೋಲುವುದು. ಧ್ವನಿಪೆಟ್ಟಿಗೆಯ ಕೆಳಗೆ ಶ್ವಾಸನಾಳದ ಎರಡು ಪಕ್ಕಗಳಲ್ಲಿ ಒಂದೊಂದು ಹಾಲೆ. ಪ್ರತಿಯೊಂದರ ಉದ್ದವೂ ಸುಮಾರು 4ರಿಂದ 5 ಸೆಂಟಿಮೀಟರು. ಇವೆರಡನ್ನೂ ಶ್ವಾಸನಾಳದ ಮುಂದೆ ಕೂಡಿಸುವ ಕಿರಿದಾದ ಸೇತುವೆಯೊಂದು. ಧ್ವನಿಪೆಟ್ಟಿಗೆ ಮತ್ತು ಶ್ವಾಸನಾಳಗಳಿಗೆ ಇದು ಅಂಟಿಕೊಂಡಿರುವುದರಿಂದಲೇ ನುಂಗಿದಾಗ ಅವುಗಳೊಡನೆ ತಾನೂ ಮೇಲೇರಿ ಇಳಿಯುವುದು. ವೈದ್ಯರು ನೀರು ನುಂಗಿಸಿದುದರ ಮರ್ಮ ಇದೇ.

ಇದರ ಹುಟ್ಟೂ ವಿಚಿತ್ರವಾದುದು. ಗರ್ಭಸ್ಥ ಶಿಶುವಿನಲ್ಲಿ ಈ ಗ್ರಂಥಿ ಮೊದಲು ಮೂಡುವುದು ಕೊರಳಿನಲ್ಲಲ್ಲ, ನಾಲಗೆಯ ಬುಡದಲ್ಲಿ. ಅಲ್ಲಿಂದ ಅದು ಮೆಲ್ಲಗೆ ಇಳಿದು ಏಳನೆಯ ವಾರದ ಸುಮಾರಿಗೆ ತನ್ನ ಸ್ಥಾನವನ್ನು ಸೇರುವುದು. ಅದು ಹೊರಟ ತಾಣದ ಗುರುತಾಗಿ ನಾಲಗೆಯ ಹಿಂಭಾಗದಲ್ಲಿ ಸಣ್ಣ ಗುಳಿಯೊಂದು ಜೀವಮಾನವೆಲ್ಲ ಉಳಿಯುವುದು. ಇದರ ನೆರೆಹೊರೆಯೂ ಸಾಮಾನ್ಯವಾದುದಲ್ಲ. ಬೆನ್ನಿಗೆ ಅಂಟಿದಂತೆ, ರಕ್ತದ ಸುಣ್ಣದಂಶವನ್ನು ಕಾಯುವ ನಾಲ್ಕು ಉಪಗ್ರಂಥಿಗಳು. ಪಕ್ಕದಲ್ಲಿ ಧ್ವನಿಪೆಟ್ಟಿಗೆಗೆ ಹೋಗುವ ಸೂಕ್ಷ್ಮವಾದ ನರಗಳು. ಶಸ್ತ್ರವೈದ್ಯನ ಕೈ ತುಸು ತಪ್ಪಿದರೂ ರೋಗಿಯ ಧ್ವನಿಗೆ ಅಪಾಯವುಂಟು. ಎರಡು ತೊಲದ ಈ ಅಂಗಕ್ಕೆ ರಕ್ತವನ್ನು ಒದಗಿಸಲು ಮೇಲಿನಿಂದ ಎರಡು, ಕೆಳಗಿನಿಂದ ಎರಡು ಧಮನಿಗಳು ಬಂದು ಸೇರುವುವು. ಗಾತ್ರಕ್ಕೆ ಹೋಲಿಸಿದರೆ ಇಷ್ಟು ಧಾರಾಳವಾಗಿ ರಕ್ತವನ್ನು ಪಡೆಯುವ ಅಂಗಗಳು ಶರೀರದಲ್ಲಿ ಕೆಲವೇ ಕೆಲವು.

ಅಷ್ಟು ರಕ್ತವನ್ನು ಅದು ಬೇಡುವುದೇತಕ್ಕೆ? ಅದರಲ್ಲಿ ತೇಲಿಬರುವ ಅಯೊಡೀನನ್ನು ಹೆಕ್ಕಿಕೊಳ್ಳುವುದಕ್ಕೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಈ ಗ್ರಂಥಿಯು ಅಸಂಖ್ಯಾತವಾದ ಪುಟ್ಟ ಪುಟ್ಟ ಕೋಶಗಳ ಗೊಂಚಲಾಗಿ ತೋರುವುದು. ಪ್ರತಿಯೊಂದು ಕೋಶದೊಳಗೂ ಅಂಟಿನಂಥ ರಸವೊಂದು ತುಂಬಿರುವುದು. ಕೋಶದ ಗೋಡೆಯ ಜೀವಕಣಗಳು ರಕ್ತದಿಂದ ಅಯೊಡೀನನ್ನು ಸೆಳೆದು, ಈ ಅಂಟಿನಲ್ಲಿರುವ ಪ್ರೋಟೀನಿಗೆ ಹೊಂದಿಸಿ, ಎರಡು ರಸದೂತಗಳನ್ನು ಸಿದ್ಧಗೊಳಿಸುವುವು. ನಾಲ್ಕು ಅಯೊಡೀನ್ ಪರಮಾಣುಗಳುಳ್ಳದ್ದು ಥೈರಾಕ್ಸಿನ್, ಮೂರುಳ್ಳದ್ದು ಟ್ರೈಅಯೊಡೊಥೈರೊನೀನ್. ಗ್ರಂಥಿ ಹೆಚ್ಚಾಗಿ ಹೊರಗೆ ಕಳುಹಿಸುವುದು ಮೊದಲನೆಯದನ್ನು. ಆದರೆ ಜೀವಕಣಗಳಲ್ಲಿ ನಿಜವಾಗಿ ಕೆಲಸ ಮಾಡತಕ್ಕದ್ದು ಎರಡನೆಯದು. ಯಕೃತ್ತು ಮೊದಲಾದ ಅಂಗಗಳು ಥೈರಾಕ್ಸಿನ್ನಿನಿಂದ ಒಂದು ಅಯೊಡೀನನ್ನು ಕಳಚಿ, ತಮಗೆ ಬೇಕಾದಷ್ಟನ್ನು ಬೇಕಾದಾಗ ಮಾಡಿಕೊಳ್ಳುವುವು. ಎರಡು ಮೂರು ತಿಂಗಳಿಗೆ ಸಾಲುವಷ್ಟು ಸರಕು ಗ್ರಂಥಿಯ ಉಗ್ರಾಣದಲ್ಲಿ ಯಾವಾಗಲೂ ಸಿದ್ಧವಾಗಿರುವುದು. ಹೀಗೆ ಮುಂದಾಲೋಚನೆಯಿಂದ ದವಸವನ್ನು ಕೂಡಿಟ್ಟು ಸಂಸಾರ ನಡೆಸುವ ಗ್ರಂಥಿ ಮತ್ತೊಂದಿಲ್ಲ.

ಈ ರಸದೂತಗಳು ಹೊತ್ತು ತರುವ ಆಜ್ಞೆಯಾದರೂ ಏನು? ಒಂದೇ ಮಾತಿನಲ್ಲಿ ಹೇಳುವುದಾದರೆ, ಜೀವನದ ವೇಗ. ಶರೀರದ ಕಿಚ್ಚು ಎಷ್ಟು ಉರಿಯಬೇಕು, ಹೃದಯ ಎಷ್ಟು ಬೇಗ ಮಿಡಿಯಬೇಕು, ಕರುಳು ಎಷ್ಟು ಚುರುಕಾಗಿ ಚಲಿಸಬೇಕು, ಕೂದಲು ಹೇಗೆ ಬೆಳೆಯಬೇಕು, ಆಲೋಚನೆ ಎಷ್ಟು ಶೀಘ್ರವಾಗಿ ಹರಿಯಬೇಕು ಎಂಬೀ ಎಲ್ಲ ವಿಷಯಗಳಲ್ಲಿಯೂ ಇವುಗಳ ಮಾತು ನಡೆಯುವುದು. 1912ರಲ್ಲಿ ಗುಡರ್ನಾಚ್ ಎಂಬ ವಿಜ್ಞಾನಿಯು ಗೊದಮೊಟ್ಟೆಗಳಿಗೆ ಕುದುರೆಯ ಥೈರಾಯ್ಡ್ ಗ್ರಂಥಿಯ ತುಣುಕುಗಳನ್ನು ತಿನ್ನಿಸಿದನು. ಅವು ದೊಡ್ಡವಾಗಿ ಬೆಳೆಯುವುದಕ್ಕೆ ಮೊದಲೇ ಅವಸರದಿಂದ ಕಾಲು ಮೂಡಿಸಿ, ಬಾಲ ಕಳೆದುಕೊಂಡು, ನೊಣದಷ್ಟು ಪುಟ್ಟ ಕಪ್ಪೆಗಳಾದವು. ಈ ರಸ ದೊರೆಯದ ಗೊದಮೊಟ್ಟೆ ಗೊದಮೊಟ್ಟೆಯಾಗಿಯೇ ಉಳಿಯುವುದೆಂಬುದು ಆಮೇಲಿನ ಪ್ರಯೋಗಗಳಿಂದ ತಿಳಿದುಬಂದಿತು.

ವೇಗವನ್ನು ನಿಯಮಿಸುವ ಗ್ರಂಥಿಯನ್ನು ನಿಯಮಿಸುವವರು ಯಾರು? ಕೆರೆಯ ಕೆಳಗೆ ಗದ್ದೆಗಳನ್ನುಳ್ಳವರಿಗೆ ಇದನ್ನು ತಿಳಿಯುವುದು ಸುಲಭ. ಗದ್ದೆ ಒಣಗಿದಾಗ ನೀರುಗಂಟಿಯು ತೂಬನ್ನು ಎತ್ತುವನು. ನೀರು ನಿಂತಾಗ ತೂಬನ್ನು ಇಳಿಸುವನು. ಮಿದುಳಿನ ಬುಡದಲ್ಲಿ ಕಡಲೆಕಾಳಿನಷ್ಟು ಗಾತ್ರದ ಪಿಟ್ಯುಟರಿ ಎಂಬ ಗ್ರಂಥಿಯುಂಟು. ಅದೇ ಶರೀರದ ನೀರುಗಂಟಿ. ರಕ್ತದಲ್ಲಿ ಥೈರಾಕ್ಸಿನ್ ಕಡಿಮೆಯಾಯಿತೆಂದು ಕಂಡೊಡನೆ ಅದು ಟಿ.ಎಸ್.ಎಚ್. ಎಂಬ ಚೋದಕರಸವನ್ನು ಹೆಚ್ಚಾಗಿ ಕಳುಹಿಸಿ ಥೈರಾಯ್ಡನ್ನು ಎಬ್ಬಿಸುವುದು. ಹೆಚ್ಚಾಯಿತೆಂದು ಕಂಡರೆ ತಾನು ಸುಮ್ಮನಾಗುವುದು. ಈ ನೀರುಗಂಟಿಗೂ ಮೇಲೆ, ಮಿದುಳಿನಲ್ಲಿಯೇ, ಅಪ್ಪಣೆ ಕೊಡುವ ಹೈಪೊಥಲಮಸ್ ಎಂಬ ಯಜಮಾನನುಂಟು. ಕೆರೆಯೇ ಬತ್ತಿದರೆ ಏನಾಗುವುದು? ನೀರುಗಂಟಿಯು ತೂಬನ್ನು ಪೂರ್ತಿ ಎತ್ತಿ ಹಿಡಿದು ನಿಂತಿರುವನು. ಗದ್ದೆಗೆ ಮಾತ್ರ ಹನಿ ನೀರಿಲ್ಲ.

ಸೊಸೆಯ ರಕ್ತಪರೀಕ್ಷೆಯ ಕಾಗದದಲ್ಲಿ ಕಂಡುದು ಇದೇ. ಥೈರಾಕ್ಸಿನ್ ಬಹಳ ಕಡಿಮೆ, ಟಿ.ಎಸ್.ಎಚ್. ಇರಬೇಕಾದುದಕ್ಕಿಂತ ಎಷ್ಟೋ ಪಾಲು ಹೆಚ್ಚು. ಶರೀರವನ್ನು ಹೊರಗಿನ ಶತ್ರುಗಳಿಂದ ಕಾಯಬೇಕಾದ ರಕ್ಷಣಾಶಕ್ತಿಯೇ ಭ್ರಮೆಗೊಂಡು ಈ ಗ್ರಂಥಿಯನ್ನು ಶತ್ರುವೆಂದು ತಿಳಿದು ಮೆಲ್ಲಮೆಲ್ಲಗೆ ಹಾಳುಗೆಡಹುವುದುಂಟು. ಜಪಾನಿನ ವೈದ್ಯನಾದ ಹಶಿಮೊಟೊ 1912ರಲ್ಲಿ ಇದನ್ನು ವರ್ಣಿಸಿದ್ದರಿಂದ ಆ ರೋಗಕ್ಕೆ ಅವನ ಹೆಸರೇ ನಿಂತಿದೆ. ಪುರುಷರಿಗಿಂತ ಸ್ತ್ರೀಯರಲ್ಲಿಯೇ ಇದು ಬಹಳ ಹೆಚ್ಚು. ಕೆರೆಯ ಕಾವಲುಗಾರರೇ ಏರಿಯನ್ನು ಒಡೆದಂತಾಯಿತು. ಎರಡು ವರ್ಷಗಳ ಪರ್ಯಂತ ಆಕೆಯ ಮೇಲೆ ಬಿದ್ದ "ಸೋಮಾರಿ" ಎಂಬ ಮಾತಿಗೆ ಒಂದು ಕಾಗದದ ತುಂಡು ಉತ್ತರ ಕೊಟ್ಟಿತು.

ಇಂಥ ಉತ್ತರವನ್ನು ಲೋಕವು ಸುಲಭವಾಗಿ ಕಂಡುಕೊಳ್ಳಲಿಲ್ಲ. 1656ರಲ್ಲಿ ಈ ಗ್ರಂಥಿಗೆ ಹೆಸರಿಟ್ಟ ಇಂಗ್ಲೆಂಡಿನ ಥಾಮಸ್ ವಾರ್ಟನ್ನನು, ಕೊರಳನ್ನು, ಅದರಲ್ಲಿಯೂ ಸ್ತ್ರೀಯರ ಕೊರಳನ್ನು, ದುಂಡಾಗಿಸಿ ಅಂದಗೊಳಿಸುವುದೂ ಇದರ ಒಂದು ಪ್ರಯೋಜನವೆಂದು ಊಹಿಸಿದನು. ಇದು ಒಡವೆಯೆಂಬ ಭಾವನೆ ಹೀಗೆ ಬಹುಕಾಲ ಉಳಿಯಿತು. 1873ರಲ್ಲಿ ಲಂಡನ್ನಿನ ವಿಲಿಯಂ ಗಲ್ ಎಂಬ ವೈದ್ಯನು, ವಯಸ್ಸಿಗೆ ಬಂದ ಸ್ತ್ರೀಯರಲ್ಲಿ ಮುಖ ಊದಿ, ಮಾತು ತೊದಲಿ, ಮನಸ್ಸು ಜಡವಾಗುವ ಸ್ಥಿತಿಯನ್ನು ವರ್ಣಿಸಿದನು. ಕಾರಣವು ಮಾತ್ರ ಆಗ ಸ್ಪಷ್ಟವಾಗಲಿಲ್ಲ. ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ ಥಿಯೊಡೋರ್ ಕೋಖರನೆಂಬ ಮಹಾ ಶಸ್ತ್ರವೈದ್ಯನು ಗಳಗಂಡದಿಂದ ನರಳುವವರ ಗ್ರಂಥಿಯನ್ನು ಪೂರ್ತಿಯಾಗಿ ತೆಗೆಯುತ್ತಿದ್ದನು. ಗಾಯವೇನೋ ಅಂದವಾಗಿ ಮಾಯಿತು. ಆದರೆ ಕೆಲವು ವರ್ಷಗಳ ಮೇಲೆ ಆ ರೋಗಿಗಳನ್ನು ಕರೆಸಿ ನೋಡಿದಾಗ, ಅವರಲ್ಲಿ ಬಹುಮಂದಿ ಜಡರಾಗಿ, ಊದಿಕೊಂಡು, ಮಕ್ಕಳಾಗಿದ್ದವರು ಬೆಳವಣಿಗೆ ನಿಂತು ಗುರುತೇ ಸಿಕ್ಕದಂತಾಗಿದ್ದರು. ಕೋಖರನು ಇದನ್ನು ಮುಚ್ಚಿಡಲಿಲ್ಲ. 1883ರಲ್ಲಿ ವೈದ್ಯರ ಸಭೆಯ ಮುಂದೆ ತಾನೇ ಹೇಳಿ, ಅಲ್ಲಿಂದಾಚೆಗೆ ಗ್ರಂಥಿಯ ಒಂದು ಭಾಗವನ್ನು ಉಳಿಸುವ ಕ್ರಮವನ್ನು ಹಿಡಿದನು. 1909ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕವು ದೊರೆಯಿತು. ಅವನ ಕುಶಲತೆಯಷ್ಟೇ ಅವನ ಆ ತಪ್ಪೊಪ್ಪಿಗೆಯೂ ಜ್ಞಾನವನ್ನು ಬೆಳೆಸಿತು.

1891ರಲ್ಲಿ ಇಂಗ್ಲೆಂಡಿನ ನ್ಯೂಕಾಸಲ್ ಪಟ್ಟಣದ ಜಾರ್ಜ್ ಮರೆ ಎಂಬ ತರುಣ ವೈದ್ಯನು ಕುರಿಯ ಥೈರಾಯ್ಡಿನ ಸಾರವನ್ನು ತೆಗೆದು, ಇದೇ ರೋಗದಿಂದ ಜಡವಾಗಿದ್ದ 46 ವರ್ಷ ವಯಸ್ಸಿನ ಸ್ತ್ರೀಯೊಬ್ಬಳಿಗೆ ಚುಚ್ಚಿ ಕೊಟ್ಟನು. ಕೆಲವು ತಿಂಗಳುಗಳಲ್ಲಿ ಆಕೆಯ ಮುಖ ತಿಳಿಯಾಯಿತು, ಮಾತು ಚುರುಕಾಯಿತು. ಆಮೇಲೆ ಆಕೆ 28 ವರ್ಷ ಬಾಳಿ 1919ರಲ್ಲಿ ತೀರಿಕೊಂಡಳು. ಅಷ್ಟು ಕಾಲದಲ್ಲಿ ಆಕೆಗಾಗಿ 870ಕ್ಕೂ ಹೆಚ್ಚು ಕುರಿಗಳ ಗ್ರಂಥಿಗಳು ಬೇಕಾದವು. ಈಗ ಆ ಕುರಿಗಳ ಅಗತ್ಯವಿಲ್ಲ. 1914ರ ಡಿಸೆಂಬರ್ 25ರಂದು ಅಮೆರಿಕದ ಎಡ್ವರ್ಡ್ ಕೆಂಡಲನು ಥೈರಾಕ್ಸಿನ್ನನ್ನು ಶುದ್ಧವಾದ ಹರಳುಗಳ ರೂಪದಲ್ಲಿ ಬೇರ್ಪಡಿಸಿದನು. 1927ರಲ್ಲಿ ಇಂಗ್ಲೆಂಡಿನ ಹ್ಯಾರಿಂಗ್ಟನ್ ಮತ್ತು ಬಾರ್ಜರ್ ಅದನ್ನು ರಸಾಯನಶಾಲೆಯಲ್ಲಿಯೇ ಕಟ್ಟಿದರು. ಇಂದು ಆ ವಸ್ತುವು ಎಳ್ಳಿನ ಕಾಳಿಗಿಂತ ತುಸು ದೊಡ್ಡದಾದ ಗುಳಿಗೆಯಾಗಿ ಊರೂರಿನ ಔಷಧದ ಅಂಗಡಿಯಲ್ಲಿ ದೊರೆಯುವುದು.

ಫಲಿತಾಂಶವನ್ನು ಕೇಳಿದ ಅತ್ತೆ ಬಹಳ ಹೊತ್ತು ಮಾತಾಡಲಿಲ್ಲ. ಕಡೆಗೆ ತಮ್ಮ ತವರಿನ ಕಡೆಯ ಮಾತನ್ನು ತೆಗೆದರು. ಅವರ ಬಾಲ್ಯದಲ್ಲಿ ಆ ಬೆಟ್ಟದ ಸೀಮೆಯಲ್ಲಿ ಕೊರಳು ಊದಿದ ಹೆಂಗಸರಿದ್ದರು. ಕಿವಿ ಕೇಳದೆ, ಮಾತು ಬಾರದೆ, ಕುಳ್ಳಾಗಿ ಉಳಿದ ಹುಡುಗನೊಬ್ಬನಿದ್ದನು. ಅವನನ್ನು ಊರಿನ ಮಕ್ಕಳೆಲ್ಲ ಪೆದ್ದನೆಂದು ಕೂಗುತ್ತಿದ್ದರು, ತಾವೂ ಕೂಗಿದ್ದುಂಟು. "ಅದೂ ಇದೇ ಏನಪ್ಪಾ?" ಎಂದು ವೈದ್ಯರನ್ನು ಕೇಳಿದರು.

ಇದ್ದರೂ ಇರಬಹುದೆಂದು ವೈದ್ಯರು ಹೇಳಿದರು. ಗಳಗಂಡವು ಭರತಖಂಡಕ್ಕೆ ಹೊಸದಲ್ಲ; ಸುಶ್ರುತಸಂಹಿತೆಯಲ್ಲಿ ಗಲಗಂಡವೆಂಬ ಹೆಸರಿನಿಂದಲೇ ಅದರ ವರ್ಣನೆಯುಂಟು. ಹಿಮಾಲಯದ ತಪ್ಪಲಿನಲ್ಲಿ ಅದು ಮನೆಮನೆಯ ರೋಗವಾಗಿತ್ತು. ಚಿಕ್ಕಮಗಳೂರು, ಕೊಡಗು ಮೊದಲಾದ ಸೀಮೆಗಳಲ್ಲಿಯೂ ಕಂಡುಬಂದಿತ್ತು. ಮಳೆಯ ನೀರು ಬೆಟ್ಟದ ಮಣ್ಣಿನಿಂದ ಅಯೊಡೀನನ್ನು ತೊಳೆದು ಸಮುದ್ರಕ್ಕೆ ಒಯ್ಯುವುದು. ಅಂಥ ಮಣ್ಣಿನ ಬೆಳೆಯಲ್ಲಿಯೂ ಅಯೊಡೀನು ಇರದು. ಕಚ್ಚಾ ಪದಾರ್ಥ ಸಾಲದೆ ಗ್ರಂಥಿಯು ಹೆಣಗಿ ಹೆಣಗಿ ಊದಿಕೊಳ್ಳುವುದು. ಗರ್ಭಿಣಿಯಲ್ಲಿ ಈ ಕೊರತೆ ತೀವ್ರವಾದರೆ ಆಪತ್ತು ಇನ್ನೂ ದೊಡ್ಡದು. ಮೊದಲ ತಿಂಗಳುಗಳಲ್ಲಿ ಶಿಶುವಿನ ಮಿದುಳು ತಾಯಿಯ ಥೈರಾಕ್ಸಿನ್ನಿನಿಂದಲೇ ಬೆಳೆಯಬೇಕು. ಆಗ ಆದ ನಷ್ಟವನ್ನು ಆಮೇಲೆ ಯಾವ ಗುಳಿಗೆಯೂ ತುಂಬಿಕೊಡಲಾರದು. ವಯಸ್ಸಿಗೆ ಬಂದವರಿಗೆ ದಿನಕ್ಕೆ ಬೇಕಾದ ಅಯೊಡೀನು ಒಂದು ಗ್ರಾಮಿನ ಹತ್ತುಲಕ್ಷ ಪಾಲುಗಳಲ್ಲಿ 150 ಪಾಲು. ಎಪ್ಪತ್ತು ವರ್ಷಗಳ ಆಯುಸ್ಸಿಗೆಲ್ಲ ಲೆಕ್ಕ ಹಾಕಿದರೂ ನಾಲ್ಕು ಗ್ರಾಂ ಆಗದು. ಅಷ್ಟರ ಕೊರತೆಯಿಂದ ಊರಿನವರ ಬಾಯಲ್ಲಿ ಒಬ್ಬನು ಪೆದ್ದನಾದನು!

ಪರಿಹಾರವೂ ಅಡಿಗೆಯ ಮನೆಯಲ್ಲಿಯೇ ಇತ್ತು. ಸ್ವಿಟ್ಜರ್ಲೆಂಡಿನಲ್ಲಿ 1922ರಿಂದ ಉಪ್ಪಿಗೆ ಅಯೊಡೀನನ್ನು ಬೆರೆಸಲಾರಂಭಿಸಿದರು. ಭಾರತದಲ್ಲಿ ಡಾಕ್ಟರ್ ರಾಮಲಿಂಗಸ್ವಾಮಿ ಮತ್ತು ಅವರ ಸಂಗಡಿಗರು 1956ರಲ್ಲಿ ಕಾಂಗ್ರಾ ಕಣಿವೆಯಲ್ಲಿ ಆರಂಭಿಸಿದ ಪ್ರಯೋಗವು, ಇಂಥ ಉಪ್ಪಿನಿಂದ ಗಳಗಂಡ ಇಳಿಯುವುದೆಂದು ತೋರಿಸಿಕೊಟ್ಟಿತು. 1962ರಲ್ಲಿ ಸರ್ಕಾರವು ಗಳಗಂಡ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮವನ್ನು ಹೂಡಿತು. ಆದರೆ ಸೊಸೆಯ ಬೇನೆಗೆ ಉಪ್ಪು ಕಾರಣವಲ್ಲವೆಂದೂ, ಉಪ್ಪನ್ನು ಹೆಚ್ಚಾಗಿ ಸುರಿಯುವುದರಿಂದ ಗುಣವಾಗದೆಂದೂ ವೈದ್ಯರು ಎಚ್ಚರಿಸಿದರು. ಆಕೆಯ ಕೆರೆಗೆ ಮಳೆಯ ಕೊರತೆಯಿರಲಿಲ್ಲ, ಏರಿಯೇ ಒಡೆದಿತ್ತು. ಕೆರೆ ಕೊಡಲಾರದ ನೀರನ್ನು ದಿನದಿನವೂ ಹೊರಗಿನಿಂದ ತಂದು ಹೊಯ್ಯಬೇಕು, ಅಷ್ಟೆ.

ಇದಕ್ಕೆ ವಿರುದ್ಧವಾದ ಕಷ್ಟವೂ ಉಂಟೆಂಬುದನ್ನು ಮರೆಯಲಾಗದು. ಗ್ರಂಥಿ ಮಿತಿಮೀರಿ ದುಡಿದರೆ ಉಂಡ ಅನ್ನ ಮೈಗೆ ಹತ್ತದು, ಎದೆ ಡವಗುಟ್ಟುವುದು, ಬೆರಳು ನಡುಗುವುದು, ನಿದ್ರೆ ಬಾರದು, ಕೆಲವರಿಗೆ ಕಣ್ಣುಗುಡ್ಡೆಗಳು ಮುಂಚಾಚುವುವು. 1835ರಲ್ಲಿ ಡಬ್ಲಿನ್ನಿನ ರಾಬರ್ಟ್ ಗ್ರೇವ್ಸ್ ಇಂಥ ರೋಗಿಗಳನ್ನು ವರ್ಣಿಸಿದನು. ಅಂಥವರಿಗೆ ಮನೆಯಲ್ಲಿ ದೊರೆಯುವ ಬಿರುದು "ಸಿಡುಕ" ಎಂದು. ಸೋಮಾರಿತನವೆಲ್ಲ ಗ್ರಂಥಿಯ ದೋಷವಲ್ಲ, ಸಿಡುಕೆಲ್ಲ ರೋಗವಲ್ಲ. ಹಾಗೆಂದು ಭಾವಿಸಿದರೆ ಮನುಷ್ಯನ ಪ್ರಯತ್ನಕ್ಕೆ ಬೆಲೆಯೇ ಉಳಿಯದು. ಆದರೆ ಒಬ್ಬರ ನಡತೆ ಮೊದಲಿನಂತಿಲ್ಲದೆ ಬದಲಾದಾಗ, ನಿಂದಿಸುವುದಕ್ಕೆ ಮುಂಚೆ ಕೊರಳನ್ನೊಮ್ಮೆ ನೋಡುವುದರಿಂದ ಯಾರಿಗೂ ನಷ್ಟವಿಲ್ಲ.

ಗುಳಿಗೆಯನ್ನು ಬೆಳಗ್ಗೆ ಬರಿಯ ಹೊಟ್ಟೆಯಲ್ಲಿ ನೀರಿನೊಡನೆ ನುಂಗಬೇಕು. ಅರ್ಧ ಗಂಟೆಯಿಂದ ಒಂದು ಗಂಟೆಯವರೆಗೆ ಕಾಫಿಯನ್ನಾಗಲಿ ತಿಂಡಿಯನ್ನಾಗಲಿ ಮುಟ್ಟಬಾರದು. ಬಹುಶಃ ಇದು ಜೀವಮಾನದ ವ್ರತ. ಹೊತ್ತಾರೆಯ ಕಾಫಿಯಿಲ್ಲದೆ ದಿನ ಆರಂಭವಾಗದ ಆ ಮನೆಯಲ್ಲಿ ಇದು ಸಣ್ಣ ಕಟ್ಟಲೆಯಾಗಿರಲಿಲ್ಲ. ಮೊದಲ ವಾರದಲ್ಲಿ ಏನೂ ತಿಳಿಯಲಿಲ್ಲ. ಒಂದೂವರೆ ತಿಂಗಳಾಗುವಾಗ ಶಾಲು ಪೆಟ್ಟಿಗೆಗೆ ಹೋಯಿತು. ಪ್ರಮಾಣವನ್ನು ಎರಡು ಸಲ ತಿದ್ದಿದ ಮೇಲೆ ಮುಖದ ಊತ ಇಳಿಯಿತು; ಲೆಕ್ಕ ತಪ್ಪುವುದು ನಿಂತಿತು.

ಅತ್ತೆ ಕ್ಷಮೆಯ ಮಾತನ್ನು ಎಂದೂ ಆಡಲಿಲ್ಲ. ಆ ಕಾಲದ ಹಿರಿಯರಿಗೆ ಅದು ನಾಲಗೆಗೆ ಬಾರದ ಮಾತು. ಆದರೆ ಐವತ್ತು ವರ್ಷ ನಸುಕಿನಲ್ಲಿಯೇ ಕಾಫಿ ಕುಡಿದು ರೂಢಿಯಾಗಿದ್ದ ಅವರು, ಈಗ ಸೊಸೆಗೆ ಗುಳಿಗೆಯನ್ನೂ ತಾಮ್ರದ ಚೊಂಬಿನ ನೀರನ್ನೂ ತಾವೇ ತಂದುಕೊಟ್ಟು, ಗಡಿಯಾರವನ್ನು ನೋಡುತ್ತ ಜಗಲಿಯಲ್ಲಿ ಕುಳಿತಿರುವರು. ಮೊದಲೇ ಕುಡಿಯಬಾರದೇಕೆಂದು ಮಗನು ಕೇಳಿದರೆ, "ಅವಳದ್ದೂ ಆಗಲಿ, ಇಬ್ಬರೂ ಒಟ್ಟಿಗೆ ಕುಡಿಯುತ್ತೇವೆ" ಎನ್ನುವರು. ಆ ಅರ್ಧ ಗಂಟೆಯಲ್ಲಿ ಅಡಿಗೆಯ ಮನೆಯಿಂದ, ಇನ್ನೂ ಸ್ವಲ್ಪ ಒಡಕಾಗಿಯೇ, ಹಾಡೊಂದರ ಗುನುಗು ಕೇಳಿಬರುವುದು.